ಕೇಬಲ್ ಬಂತು, ತಿಂಗಳ ಬಿಲ್ ಕಟ್ಟುವವರು ಯಾರು?

ಅಮೆರಿಕದ ಇಂಟರ್ನೆಟ್ ರಾಜಕೀಯದ ಸುದ್ದಿಗಳನ್ನು 2024ರಿಂದ ಈಚೆಗೆ ಓದುತ್ತಾ ಬಂದವರಿಗೆ ಗೊಂದಲವಾಗಿದ್ದರೆ ಆಶ್ಚರ್ಯವಿಲ್ಲ. 2024ರ ಜೂನ್‌ನಲ್ಲಿ ಬಡ ಕುಟುಂಬಗಳ ಇಂಟರ್ನೆಟ್ ಬಿಲ್ಲಿಗೆ ಅಲ್ಲಿನ ಕೇಂದ್ರ ಸರ್ಕಾರ ಕೊಡುತ್ತಿದ್ದ ನೆರವು ನಿಂತುಹೋಯಿತು. 2025ರ ಜನವರಿಯಲ್ಲಿ ನ್ಯೂಯಾರ್ಕ್ ರಾಜ್ಯವು ಬಡವರಿಗೆ ತಿಂಗಳಿಗೆ 15 ಡಾಲರಿಗೆ ಸಂಪರ್ಕ ಕೊಡಲೇಬೇಕು ಎಂದು ಖಾಸಗಿ ಕಂಪನಿಗಳಿಗೆ ಕಡ್ಡಾಯ ಮಾಡಿತು. ಅದೇ ವರ್ಷದ ಮೇ ತಿಂಗಳಲ್ಲಿ, ಡಿಜಿಟಲ್ ಅಂತರ, ಅಂದರೆ ಇಂಟರ್ನೆಟ್ ಇರುವವರಿಗೂ ಇಲ್ಲದವರಿಗೂ ನಡುವಿನ ಕಂದಕ, ಕಡಿಮೆ ಮಾಡಲೆಂದೇ ಇಟ್ಟಿದ್ದ 275 ಕೋಟಿ ಡಾಲರಿನ ಯೋಜನೆಯನ್ನು ಟ್ರಂಪ್ ಸರ್ಕಾರ ನಿಲ್ಲಿಸಿತು. ಈ ಮಧ್ಯೆ ಕೆಲವು ಊರುಗಳು ತಾವೇ ಕೇಬಲ್ ಎಳೆದು ಮನೆಮನೆಗೆ ಇಂಟರ್ನೆಟ್ ಕೊಡುತ್ತಿವೆ. ಇನ್ನು ಸುಮಾರು 16 ರಾಜ್ಯಗಳಲ್ಲಿ ಊರಾಡಳಿತ ಹಾಗೆ ಮಾಡಲು ಹೊರಟರೆ ರಾಜ್ಯದ ಕಾನೂನೇ ಅಡ್ಡ ಬರುತ್ತದೆ.

ನೀರು ಕೊಡುವ ನಗರಸಭೆ ಇಂಟರ್ನೆಟ್ ಕೊಟ್ಟರೆ ತಪ್ಪೇನು? ಬೇಡ ಎನ್ನುವವರ ವಾದವಾದರೂ ಏನು? ಇದು ಅರ್ಥವಾಗಬೇಕಾದರೆ ಎರಡು ವಿಷಯಗಳನ್ನು ಬೇರೆಬೇರೆಯಾಗಿ ನೋಡಬೇಕು. ಕೇಬಲ್ ಎಳೆಯುವವರು ಯಾರು ಎಂಬುದು ಒಂದು. ಎಳೆದಮೇಲೆ ಪ್ರತಿ ತಿಂಗಳ ಬಿಲ್ ಕಟ್ಟುವವರು ಯಾರು ಎಂಬುದು ಇನ್ನೊಂದು. ಸುದ್ದಿಗಳಲ್ಲಿ ಇವೆರಡೂ ಕಲಸಿಹೋಗಿವೆ.

30 ಡಾಲರ್ ನಿಂತಾಗ ಏನಾಯಿತು

ಕೊರೊನಾ ಕಾಲದ ತುರ್ತು ನೆರವಿನ ಮುಂದುವರಿಕೆಯಾಗಿ 2021ರ ಕೊನೆಗೆ ಅಮೆರಿಕದಲ್ಲಿ ‘ಅಫೋರ್ಡಬಲ್ ಕನೆಕ್ಟಿವಿಟಿ ಪ್ರೋಗ್ರಾಂ’ ಶುರುವಾಯಿತು. ಅರ್ಹ ಕುಟುಂಬದ ಇಂಟರ್ನೆಟ್ ಬಿಲ್ಲಿನಲ್ಲಿ ತಿಂಗಳಿಗೆ 30 ಡಾಲರ್ ವರೆಗೆ ಸರ್ಕಾರ ಕಟ್ಟುತ್ತಿತ್ತು. ಮೂಲನಿವಾಸಿಗಳ ಪ್ರದೇಶಗಳಲ್ಲಿ ಇದು 75 ಡಾಲರ್. ಸುಮಾರು 2 ಕೋಟಿ 30 ಲಕ್ಷ ಕುಟುಂಬಗಳು ಸೇರಿಕೊಂಡವು. ಅಂದರೆ ಆ ದೇಶದ ಆರು ಮನೆಗಳಲ್ಲಿ ಹತ್ತಿರ ಹತ್ತಿರ ಒಂದು. ಅಲ್ಲಿನ ದೂರಸಂಪರ್ಕ ಆಯೋಗ ಎಫ್‌ಸಿಸಿ ನಡೆಸಿದ ಸಮೀಕ್ಷೆಯಲ್ಲಿ ಶೇ. 68ರಷ್ಟು ಫಲಾನುಭವಿಗಳು ಒಂದು ವಿಷಯ ಹೇಳಿದರು: ಈ ನೆರವಿಗೆ ಮೊದಲು ತಮ್ಮ ಮನೆಯಲ್ಲಿ ಇಂಟರ್ನೆಟ್ ಇರಲೇ ಇಲ್ಲ, ಇಲ್ಲವೇ ಬಂದುಹೋಗಿ ಮಾಡುತ್ತಿತ್ತು.

ಇದಕ್ಕೆ ಸಂಸತ್ತು ಒಂದೇ ಸಲಕ್ಕೆ 1,420 ಕೋಟಿ ಡಾಲರ್ ಕೊಟ್ಟಿತ್ತು. ವರ್ಷ ವರ್ಷ ಬರುವ ಅನುದಾನ ಅಲ್ಲ. ಹಾಗಾಗಿ ಜನ ಜಾಸ್ತಿ ಸೇರಿದಷ್ಟೂ ದುಡ್ಡು ಬೇಗ ಖಾಲಿಯಾಗುತ್ತಾ ಬಂತು. 2024ರ ಫೆಬ್ರವರಿಯಲ್ಲಿ ಹೊಸಬರನ್ನು ಸೇರಿಸಿಕೊಳ್ಳುವುದು ನಿಂತಿತು. ಜೂನ್ ಹೊತ್ತಿಗೆ ಎಲ್ಲವೂ ಮುಗಿಯಿತು.

ಇದರಲ್ಲಿ ಗಮನಿಸಬೇಕಾದ್ದು ಒಂದಿದೆ. ಈ 2 ಕೋಟಿ 30 ಲಕ್ಷ ಮನೆಗಳಿಗೆ ಇಂಟರ್ನೆಟ್ ಕೊಡಬಲ್ಲ ಕೇಬಲ್ ಅಥವಾ ಮೊಬೈಲ್ ಜಾಲ ಹತ್ತಿರದಲ್ಲಿ ಆಗಲೇ ಇತ್ತು. ಇಲ್ಲದಿದ್ದದ್ದು ಬಿಲ್ ಕಟ್ಟುವ ಶಕ್ತಿ. ಡಿಜಿಟಲ್ ಅಂತರ ಅಂದಾಕ್ಷಣ ನಾವು ಗುಡ್ಡದ ಮೇಲಿನ ಹಳ್ಳಿಯನ್ನು ನೆನೆಯುತ್ತೇವೆ. ಆದರೆ ಅಮೆರಿಕದ ನಗರಗಳಲ್ಲಿ ಕೇಬಲ್ ಕಿಟಕಿಯ ಪಕ್ಕದಲ್ಲೇ ಹಾದುಹೋಗುತ್ತಿದ್ದರೂ ಒಳಗೆ ಸಂಪರ್ಕ ಇಲ್ಲದ ಮನೆಗಳು ಲಕ್ಷಗಟ್ಟಲೆ ಇವೆ. ನೆರವಿನ ದುಡ್ಡು ಕೊನೆಗೆ ಹೋಗಿದ್ದೂ ಅದೇ ಇಂಟರ್ನೆಟ್ ಕಂಪನಿಗಳಿಗೆ. ದುಡ್ಡು ನಿಂತ ದಿನ ಆ ಕುಟುಂಬಗಳ ಕೈಯಲ್ಲಿ ಏನೂ ಉಳಿಯಲಿಲ್ಲ.

ಕರೆಂಟ್ ಕೊಡುವವರೇ ಇಂಟರ್ನೆಟ್ ಕೊಟ್ಟರು

ಟೆನೆಸಿ ರಾಜ್ಯದ ಚಟ್ಟನೂಗ ನಗರದಲ್ಲಿ ನಡೆದದ್ದು ಬೇರೆ ರೀತಿ. ಅಲ್ಲಿ ಮನೆಗಳಿಗೆ ಕರೆಂಟ್ ಕೊಡುವುದು ಇಪಿಬಿ ಎಂಬ ನಗರದ ಸ್ವಂತ ಸಂಸ್ಥೆ. 1935ರಲ್ಲಿ ಹುಟ್ಟಿದ್ದು. ಇಪ್ಪತ್ತೊಂದನೇ ಶತಮಾನದ ಮೊದಲ ದಶಕದಲ್ಲಿ ಆ ಸಂಸ್ಥೆ ತನ್ನ ವಿದ್ಯುತ್ ಜಾಲವನ್ನು ‘ಸ್ಮಾರ್ಟ್’ ಮಾಡಲು ಹೊರಟಿತು. ಮರ ಬಿದ್ದು ಲೈನ್ ಕಡಿದರೆ ಎಲ್ಲಿ ಕಡಿಯಿತು ಎಂದು ತಾನೇ ಪತ್ತೆಮಾಡುವ, ಆ ತುಂಡನ್ನು ಬಿಟ್ಟು ಬೇರೆ ದಾರಿಯಲ್ಲಿ ಕರೆಂಟ್ ಹರಿಸುವ ಸ್ವಿಚ್‌ಗಳು ಬೇಕಿದ್ದವು. ಈ ಸ್ವಿಚ್‌ಗಳೂ ಮನೆಯ ಮೀಟರ್‌ಗಳೂ ಒಂದಕ್ಕೊಂದು ಮಾತಾಡಬೇಕಾದರೆ ಊರಿಡೀ ಆಪ್ಟಿಕಲ್ ಫೈಬರ್ ಬೇಕು. ಹೇಗೂ ಎಲ್ಲ ಬೀದಿಗೂ ಫೈಬರ್ ಎಳೆಯುತ್ತೇವೆ, ಅದರಲ್ಲೇ ಜನರಿಗೆ ಇಂಟರ್ನೆಟ್ ಯಾಕೆ ಕೊಡಬಾರದು ಎಂಬುದು ಇಪಿಬಿಯ ಲೆಕ್ಕ.

ಕೇಬಲ್ ಕಂಪನಿಗಳು ನ್ಯಾಯಾಲಯಕ್ಕೆ ಹೋದವು. ಗೆಲ್ಲಲಿಲ್ಲ. ಇಪಿಬಿ ಬಾಂಡ್ ಮೂಲಕ ಸಾಲ ಎತ್ತಿತು. ಅದರ ಜೊತೆಗೆ 2009ರ ಆರ್ಥಿಕ ಚೇತರಿಕೆ ನಿಧಿಯಿಂದ ಸ್ಮಾರ್ಟ್ ಗ್ರಿಡ್ ಹೆಸರಿನಲ್ಲಿ ಸುಮಾರು 11 ಕೋಟಿ ಡಾಲರ್ ಕೇಂದ್ರದ ಅನುದಾನ ಸಿಕ್ಕಿತು. ಇದರಿಂದ ಕೆಲಸ ಅಂದುಕೊಂಡದ್ದಕ್ಕಿಂತ ಎಷ್ಟೋ ವರ್ಷ ಮೊದಲೇ ಮುಗಿಯಿತು. 2010ರಲ್ಲಿ ಚಟ್ಟನೂಗ ತನ್ನ ಇಡೀ ವ್ಯಾಪ್ತಿಯಲ್ಲಿ ಒಂದು ಗಿಗಾಬಿಟ್ ವೇಗದ ಸಂಪರ್ಕ ಕೊಡುವ ಮೊದಲ ಅಮೆರಿಕನ್ ನಗರವಾಯಿತು.

ಇಲ್ಲಿ ಎಲ್ಲ ಬೀದಿಗೂ ಎಂಬ ಮಾತಿಗೆ ತುಂಬಾ ತೂಕವಿದೆ. ಖಾಸಗಿ ಕಂಪನಿ ಹೊಸ ಕೇಬಲ್ ಎಳೆಯುವಾಗ ಯಾವ ಬಡಾವಣೆಯಲ್ಲಿ ಗಿರಾಕಿ ಸಿಗುತ್ತಾರೆ ಎಂದು ನೋಡಿಕೊಂಡು ಎಳೆಯುತ್ತದೆ. ಅದು ಅದರ ಧರ್ಮ. ಬಡವರ ಬೀದಿ ಪಟ್ಟಿಯ ಕೊನೆಗೆ ಹೋಗುತ್ತದೆ. ಕರೆಂಟ್ ಕಂಪನಿಗೆ ಹಾಗೆ ಆರಿಸುವ ಅವಕಾಶವೇ ಇಲ್ಲ. ಮೀಟರ್ ಇಲ್ಲದ ಮನೆ ಇಲ್ಲವಲ್ಲ. ಬಡವರ ಬೀದಿಗೂ ಶ್ರೀಮಂತರ ಬೀದಿಗೂ ಒಂದೇ ಕೇಬಲ್ ಹೋಗಿದ್ದು ಯಾರದೋ ದಯೆಯಿಂದ ಅಲ್ಲ. ಮೀಟರ್ ಅಲ್ಲೂ ಇತ್ತು, ಅಷ್ಟೇ.

ಹಾಗಿದ್ದೂ ಹತ್ತು ವರ್ಷ ಬೇಕಾಯಿತು

ನಗರವೇ ಜಾಲ ಕಟ್ಟಿದರೆ ಬಡವರ ಸಮಸ್ಯೆ ತಾನಾಗಿ ಬಗೆಹರಿಯುತ್ತದೆ ಎಂದು ಹೇಳುವವರು ಚಟ್ಟನೂಗದ ಈ ಭಾಗವನ್ನು ಬಿಟ್ಟುಬಿಡುತ್ತಾರೆ. ಗಿಗಾಬಿಟ್ ನಗರ ಎಂದು ಹೆಸರು ಬಂದ ಎಷ್ಟೋ ವರ್ಷಗಳ ನಂತರವೂ ಅಲ್ಲಿನ ಬಡ ಮನೆಗಳಲ್ಲಿ ಸಂಪರ್ಕ ಇರಲಿಲ್ಲ. ಅತಿ ವೇಗದ ಕೇಬಲ್ ಬಾಗಿಲಲ್ಲಿ, ಬಿಲ್ ಕಟ್ಟಲು ಕೈಯಲ್ಲಿ ಕಾಸಿಲ್ಲ.

ಇಪಿಬಿ ಸುಮ್ಮನೆ ಬೆಲೆ ಇಳಿಸಬಹುದಿತ್ತಲ್ಲ? ಆಗುತ್ತಿರಲಿಲ್ಲ. ನಗರದ ಸಂಸ್ಥೆ ತನ್ನ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಇಂಟರ್ನೆಟ್ ಮಾರುವಂತಿಲ್ಲ, ಕರೆಂಟ್ ಬಿಲ್ಲಿನ ಆದಾಯವನ್ನು ಇದಕ್ಕೆ ಸುರಿಯುವಂತಿಲ್ಲ ಎಂದು ಟೆನೆಸಿ ಕಾನೂನು ಹೇಳುತ್ತದೆ. 2015ರಲ್ಲಿ ಬಡ ವಿದ್ಯಾರ್ಥಿಗಳ ಕುಟುಂಬಗಳಿಗೆಂದು ಇಪಿಬಿ ಇಳಿಸಲು ಸಾಧ್ಯವಾದದ್ದು 26.99 ಡಾಲರ್ ವರೆಗೆ. ಬಾಡಿಗೆ ಕಟ್ಟಲು ಒದ್ದಾಡುವ ಮನೆಗೆ ಅದೂ ಭಾರವೇ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಪಾಠ ಪರದೆಗೆ ಬಂತು. ಚಟ್ಟನೂಗ ಇರುವ ಹ್ಯಾಮಿಲ್ಟನ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದಂತೆ) ಉಚಿತ ಅಥವಾ ರಿಯಾಯಿತಿ ದರದ ಊಟಕ್ಕೆ ಅರ್ಹರಾದ ಸುಮಾರು 28,000 ಮಕ್ಕಳಿದ್ದರು. ಸರ್ಕಾರಿ ಶಾಲೆಗಳ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ. ಅದೇ ಜುಲೈನಲ್ಲಿ ‘ಎಚ್‌ಸಿಎಸ್ ಎಡ್‌ಕನೆಕ್ಟ್’ ಯೋಜನೆ ಪ್ರಕಟವಾಯಿತು. ಈ ಮಕ್ಕಳ ಮನೆಗಳಿಗೆ 100 ಎಂಬಿಪಿಎಸ್ ಸಂಪರ್ಕ ಪೂರ್ತಿ ಉಚಿತ. ರೌಟರೂ ಉಚಿತ. ಅವಧಿ ಹತ್ತು ವರ್ಷ.

ಇದು ಕಾನೂನಿನೊಳಗೆ ಹೇಗೆ ಕೂತಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇಪಿಬಿ ವೆಚ್ಚಕ್ಕಿಂತ ಕಡಿಮೆಗೆ ಏನನ್ನೂ ಮಾರಲಿಲ್ಲ. ಮನೆಯವರ ಬದಲು ಬೇರೆಯವರು ಖರ್ಚು ಹೊತ್ತರು. ಕೌಂಟಿ, ನಗರ, ಶಾಲಾ ಇಲಾಖೆ, ಇಪಿಬಿ, ಜೊತೆಗೆ ಸ್ಥಳೀಯ ದಾನಿ ಸಂಸ್ಥೆಗಳು ಸೇರಿ ಆರಂಭಕ್ಕೆ ಸುಮಾರು 82 ಲಕ್ಷ ಡಾಲರ್ ಹೊಂದಿಸಿದವು. ಇಷ್ಟು ಮೊತ್ತದಿಂದ ಶುರುಮಾಡಿ ಹತ್ತು ವರ್ಷದ ಮಾತು ಕೊಡಲು ಸಾಧ್ಯವಾಗಲು ಕಾರಣ ಕೇಬಲ್ ವ್ಯವಹಾರದ ಒಳಗುಟ್ಟು. ಇಲ್ಲಿ ದುಡ್ಡು ಹೋಗುವುದು ಮೊದಲಲ್ಲೇ. ಕಂಬಕ್ಕೆ ಕೇಬಲ್ ಕಟ್ಟುವುದು, ರಸ್ತೆ ಅಗೆಯುವುದು, ಯಂತ್ರಗಳನ್ನು ಕೂರಿಸುವುದು, ಇದೆಲ್ಲ ಆಗಲೇ ಆಗಿತ್ತು. ಬೀದಿಗೆ ಕೇಬಲ್ ಬಂದಮೇಲೆ ಇನ್ನೊಂದು ಮನೆಗೆ ಕೊಡಲು ಬೇಕಿರುವುದು ಕಂಬದಿಂದ ಗೋಡೆ ತನಕ ಒಂದು ತಂತಿ, ಗೋಡೆಗೊಂದು ಡಬ್ಬಿ, ಒಳಗೊಂದು ರೌಟರ್, ಬಂದು ಜೋಡಿಸುವ ಕೆಲಸಗಾರ.

ಖಾಸಗಿ ಕಂಪನಿಗೂ ಇದೇ ಲೆಕ್ಕ ಅನ್ವಯಿಸುತ್ತದೆ ಅಲ್ವಾ ಎಂದು ಕೇಳಬಹುದು. ಹೌದು. ಕಾಮ್‌ಕಾಸ್ಟ್ ಎಂಬ ದೊಡ್ಡ ಕೇಬಲ್ ಕಂಪನಿ 2011ರಲ್ಲಿ ಬಡ ಕುಟುಂಬಗಳಿಗೆಂದು 9.95 ಡಾಲರಿನ ಪ್ಲಾನ್ ಶುರುಮಾಡಿತು. ಅದು ಸಣ್ಣ ವಿಷಯವಲ್ಲ. ಆದರೆ ಶುರುವಿನಲ್ಲಿ ಹಳೇ ಬಾಕಿ ಇದ್ದವರಿಗೆ ಸಿಗುತ್ತಿರಲಿಲ್ಲ, ಆಗಲೇ ಗಿರಾಕಿಯಾಗಿದ್ದವರಿಗೂ ಸಿಗುತ್ತಿರಲಿಲ್ಲ. ಕಾರಣ ಅರ್ಥವಾಗುವಂಥದ್ದೇ. ಪೂರ್ತಿ ದರ ಕೊಡುತ್ತಿರುವವರು ಕಡಿಮೆ ಪ್ಲಾನಿಗೆ ಜಾರಿದರೆ ಷೇರುದಾರರಿಗೆ ಉತ್ತರ ಹೇಳಬೇಕು. ನಗರದ ಸಂಸ್ಥೆಗೆ ಷೇರುದಾರರೂ ಗಿರಾಕಿಗಳೂ ಒಬ್ಬರೇ.

ಎಡ್‌ಕನೆಕ್ಟ್‌ನಲ್ಲೂ ಕೊರತೆ ಇದೆ, ಅದನ್ನೂ ಹೇಳಲೇಬೇಕು. ಶಾಲೆಗೆ ಹೋಗುವ ಮಗು ಇದ್ದರೆ ಮಾತ್ರ ಈ ಸಂಪರ್ಕ. ಒಂಟಿಯಾಗಿರುವ ಅಜ್ಜಿ ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಮಾಡಿಕೊಳ್ಳಬೇಕು, ಕೆಲಸ ಕಳೆದುಕೊಂಡವರು ಅರ್ಜಿ ಹಾಕಬೇಕು. ಅವರಿಗೆ ಇದರಲ್ಲಿ ಜಾಗವಿಲ್ಲ. ಬಾಡಿಗೆ ಮನೆಯವರು ವರ್ಷಕ್ಕೊಮ್ಮೆ ಮನೆ ಬದಲಿಸಿದರೆ ಸಂಪರ್ಕವನ್ನೂ ಹೊಸದಾಗಿ ಹಾಕಿಸಬೇಕು.

ಕಾನೂನು ಯಾಕೆ ಅಡ್ಡ ಬರುತ್ತದೆ

ಚಟ್ಟನೂಗದ ಸುತ್ತಲಿನ ಹಳ್ಳಿಗಳವರು ನಮಗೂ ಕೊಡಿ ಎಂದು ಕೇಳಿದರು. ಇಪಿಬಿ ಸಿದ್ಧವಿತ್ತು. ಆದರೆ ಕರೆಂಟ್ ಕೊಡುವ ಗಡಿ ದಾಟಿ ಇಂಟರ್ನೆಟ್ ಕೊಡುವಂತಿಲ್ಲ ಎಂದು ರಾಜ್ಯದ ಕಾನೂನು. ನಾರ್ತ್ ಕೆರೊಲಿನಾದ ವಿಲ್ಸನ್ ಎಂಬ ಊರಿಗೂ ಇದೇ ಕಷ್ಟ. ಅದು 2008ರಲ್ಲೇ ‘ಗ್ರೀನ್‌ಲೈಟ್’ ಹೆಸರಿನ ಸ್ವಂತ ಜಾಲ ಶುರುಮಾಡಿತ್ತು. 2011ರಲ್ಲಿ ಆ ರಾಜ್ಯ ಊರಾಡಳಿತಗಳ ಮೇಲೆ ಬಿಗಿ ನಿರ್ಬಂಧ ತಂದಿತು.

ಎರಡೂ ಊರುಗಳು ಎಫ್‌ಸಿಸಿ ಬಾಗಿಲು ತಟ್ಟಿದವು. 2015ರ ಫೆಬ್ರವರಿಯಲ್ಲಿ ಟಾಮ್ ವ್ಹೀಲರ್ ಅಧ್ಯಕ್ಷತೆಯ ಆಯೋಗ 3-2 ಮತದಿಂದ ಆ ರಾಜ್ಯ ನಿರ್ಬಂಧಗಳನ್ನು ತೆಗೆದುಹಾಕಿತು. 2016ರ ಆಗಸ್ಟ್‌ನಲ್ಲಿ ಆರನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಆಯೋಗದ ಆದೇಶವನ್ನು ರದ್ದುಮಾಡಿತು. ಊರುಗಳು ರಾಜ್ಯದ ಅಧೀನ, ರಾಜ್ಯ ಮತ್ತು ಅದರ ಊರಿನ ನಡುವೆ ಬರಲು ಆಯೋಗಕ್ಕೆ ಸಂಸತ್ತು ಸ್ಪಷ್ಟ ಅಧಿಕಾರ ಕೊಟ್ಟಿಲ್ಲ ಎಂಬುದು ತೀರ್ಪಿನ ತಿರುಳು. ನಗರದ ಇಂಟರ್ನೆಟ್ ಒಳ್ಳೆಯದೋ ಕೆಟ್ಟದ್ದೋ ಎಂದು ನ್ಯಾಯಾಲಯ ಹೇಳಲಿಲ್ಲ. ಆ ಪ್ರಶ್ನೆ ರಾಜ್ಯಗಳ ಕೈಗೇ ವಾಪಸ್ ಹೋಯಿತು.

ತೀರ್ಪಿನ ಪೆಟ್ಟು ಬಿದ್ದದ್ದು ವಿಲ್ಸನ್ ಹತ್ತಿರದ ಪೈನ್‌ಟಾಪ್ಸ್ ಎಂಬ ಸಣ್ಣ ಊರಿನ ಮೇಲೆ. ಸುಮಾರು 1,300 ಜನ. ಆಯೋಗದ ಆದೇಶ ನಂಬಿಕೊಂಡು ವಿಲ್ಸನ್ ಅಲ್ಲಿಗೆ ಫೈಬರ್ ಎಳೆದಿತ್ತು, ಮನೆಗಳಿಗೆ ಸಂಪರ್ಕವೂ ಸಿಕ್ಕಿತ್ತು. ತಿಂಗಳುಗಳಲ್ಲೇ ತೀರ್ಪು ಬಂತು. ಕೆಲಸ ಮಾಡುತ್ತಿರುವ ಕೇಬಲನ್ನು ನಿಲ್ಲಿಸಬೇಕಾದ ಸ್ಥಿತಿ. ಕೊನೆಗೆ 2017ರಲ್ಲಿ ರಾಜ್ಯ ಪೈನ್‌ಟಾಪ್ಸ್‌ಗೆ ವಿನಾಯಿತಿ ಕೊಟ್ಟಿತು, ಅದೂ ಖಾಸಗಿ ಕಂಪನಿ ಬರುವ ತನಕ ಮಾತ್ರ. ಅದೇ ವಿಲ್ಸನ್ ತನ್ನ ಗಡಿಯೊಳಗಿನ ಸರ್ಕಾರಿ ವಸತಿ ಮನೆಗಳಿಗೆ ತಿಂಗಳಿಗೆ 10 ಡಾಲರಿಗೆ ಸಂಪರ್ಕ ಕೊಟ್ಟ ಊರು ಎಂಬುದನ್ನು ನೆನಪಿಡಬೇಕು.

ಎಲ್ಲ ರಾಜ್ಯವೂ ಹೀಗೇ ಉಳಿದಿಲ್ಲ. ಕೊಲರಾಡೊ 2005ರಲ್ಲಿ ತಂದಿದ್ದ ನಿರ್ಬಂಧದಲ್ಲಿ ಒಂದು ಕಿಂಡಿ ಇತ್ತು. ಊರಿನವರು ಮತ ಹಾಕಿ ಒಪ್ಪಿದರೆ ಮಾಡಬಹುದು. ನೂರಕ್ಕೂ ಹೆಚ್ಚು ಊರು, ಕೌಂಟಿಗಳು ಮತ ಹಾಕಿ ಹೊರಬಂದವು. 2017ರಲ್ಲಿ ಫೋರ್ಟ್ ಕಾಲಿನ್ಸ್ ನಗರದ ಮತದಾನದಲ್ಲಿ ವಿರೋಧಿ ಪ್ರಚಾರಕ್ಕೆ ಸುಮಾರು 9 ಲಕ್ಷ ಡಾಲರ್ ಖರ್ಚಾಯಿತು. ಆದರೂ ಜನ ಹೌದು ಎಂದರು. 2023ರಲ್ಲಿ ರಾಜ್ಯ ಆ ಕಾನೂನನ್ನೇ ಕೈಬಿಟ್ಟಿತು.

ವಿರೋಧಿಗಳ ವಾದದಲ್ಲೂ ಹುರುಳಿದೆ

ಖಾಸಗಿ ಕಂಪನಿಗಳ ಒತ್ತಡ ಒಂದೇ ಇದಕ್ಕೆಲ್ಲ ಕಾರಣ ಎಂದರೆ ಅರ್ಧ ಕಥೆ ಹೇಳಿದಂತಾಗುತ್ತದೆ. ಯೂಟಾ ರಾಜ್ಯದ ಪ್ರೋವೊ ನಗರ ಸುಮಾರು 3 ಕೋಟಿ 90 ಲಕ್ಷ ಡಾಲರ್ ಸಾಲ ಮಾಡಿ ‘ಐಪ್ರೋವೊ’ ಜಾಲ ಕಟ್ಟಿತು. ಗಿರಾಕಿಗಳು ಸಾಕಷ್ಟು ಬರಲಿಲ್ಲ. 2013ರಲ್ಲಿ ಅದನ್ನು ಗೂಗಲ್‌ಗೆ 1 ಡಾಲರಿಗೆ ಮಾರಿತು. ಸಾಲ ಮಾತ್ರ ಊರಿನವರ ತಲೆಯ ಮೇಲೇ ಉಳಿಯಿತು. ಪ್ರತಿ ಮನೆಯ ನೀರು-ಕರೆಂಟ್ ಬಿಲ್ಲಿಗೆ ತಿಂಗಳಿಗೆ 5.35 ಡಾಲರ್ ಸೇರಿಸಿ ತೀರಿಸಬೇಕಾಯಿತು. ಇಂಟರ್ನೆಟ್ ಹಾಕಿಸಿಕೊಳ್ಳದ ಬಡ ಮನೆಯೂ ಆ 5.35 ಡಾಲರ್ ಕಟ್ಟಿತು. ಬಡವರ ಪರವಾಗಿ ಮಾತಾಡುವವರು ಈ ಲೆಕ್ಕವನ್ನು ಮರೆಯಬಾರದು.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಯೂ 2017ರಲ್ಲಿ ಇಂಥ 20 ಜಾಲಗಳ ಲೆಕ್ಕಪತ್ರ ನೋಡಿದರು. 11 ಜಾಲಗಳಲ್ಲಿ ಬರುವ ದುಡ್ಡಿಗಿಂತ ಹೋಗುವುದೇ ಜಾಸ್ತಿ ಇತ್ತು. ಇನ್ನೊಂದು ಕಡೆ ಚಟ್ಟನೂಗದಲ್ಲೇ ಇರುವ ಟೆನೆಸಿ ವಿಶ್ವವಿದ್ಯಾಲಯದ ಬೆಂಟೊ ಲೋಬೊ 2020ರಲ್ಲಿ, ಮೊದಲ ಹತ್ತು ವರ್ಷದಲ್ಲಿ ಊರಿಗೆ ಸುಮಾರು 269 ಕೋಟಿ ಡಾಲರಿನ ಲಾಭವಾಗಿದೆ ಎಂದು ಅಂದಾಜಿಸಿದರು. ಒಬ್ಬರು ನಷ್ಟ ಅನ್ನುತ್ತಾರೆ, ಇನ್ನೊಬ್ಬರು ಲಾಭ ಅನ್ನುತ್ತಾರೆ. ಯಾರನ್ನು ನಂಬುವುದು?

ಇಬ್ಬರೂ ಅಳೆದದ್ದು ಬೇರೆಬೇರೆ. ಯೂ ನೋಡಿದ್ದು ಜಾಲದ ಗಲ್ಲಾ ಪೆಟ್ಟಿಗೆ. ಲೋಬೊ ನೋಡಿದ್ದು ಇಡೀ ಊರು. ಕರೆಂಟ್ ಹೋಗುವುದು ಕಡಿಮೆಯಾಗಿ ಅಂಗಡಿ, ಕಾರ್ಖಾನೆಗಳಿಗೆ ಉಳಿದ ದುಡ್ಡು, ಹೊಸದಾಗಿ ಹುಟ್ಟಿದ ಕೆಲಸಗಳು, ಇವೆಲ್ಲ ಅವರ ಲೆಕ್ಕದಲ್ಲಿವೆ. ರಸ್ತೆ ಲಾಭ ಮಾಡಿತೇ ಎಂದು ಟೋಲ್ ನೋಡಿ ಮಾತ್ರ ಹೇಳಲಾಗದು. ಹಾಗೆಂದು ಸಾಲ ಕೊಟ್ಟವರು ಊರಿನ ಒಟ್ಟು ಲಾಭ ನೋಡಿ ಕಂತು ಬಿಡುವುದಿಲ್ಲ. ನನ್ನ ಮಟ್ಟಿಗೆ ಚಟ್ಟನೂಗ ಗೆದ್ದದ್ದಕ್ಕೂ ಪ್ರೋವೊ ಸೋತದ್ದಕ್ಕೂ ದೊಡ್ಡ ಕಾರಣ ಒಂದೇ. ಚಟ್ಟನೂಗದ ಫೈಬರಿಗೆ ವಿದ್ಯುತ್ ಜಾಲವೇ ಮೊದಲ ಗಿರಾಕಿಯಾಗಿತ್ತು, ಕೇಂದ್ರದ ಅನುದಾನವೂ ಸಿಕ್ಕಿತ್ತು. ಪ್ರೋವೊ ಸಾಲ ತೀರಿಸಲು ಇಂಟರ್ನೆಟ್ ಗಿರಾಕಿಗಳನ್ನೇ ನಂಬಿ ಕೂತಿತ್ತು.

ನ್ಯೂಯಾರ್ಕ್ ಹಿಡಿದ ದಾರಿ

ಕೇಬಲ್ ಎಳೆಯುವ ಗೋಜಿಗೇ ಹೋಗದೆ ಬೆಲೆಗೆ ಮಿತಿ ಹಾಕುವುದು ಇನ್ನೊಂದು ದಾರಿ. ನ್ಯೂಯಾರ್ಕ್ 2021ರಲ್ಲೇ ಕಾನೂನು ಮಾಡಿತ್ತು. ಅರ್ಹ ಕುಟುಂಬಕ್ಕೆ 25 ಎಂಬಿಪಿಎಸ್ 15 ಡಾಲರಿಗೆ, ಇಲ್ಲವೇ 200 ಎಂಬಿಪಿಎಸ್ 20 ಡಾಲರಿಗೆ ಕೊಡಬೇಕು. ಕಂಪನಿಗಳು ತಡೆಯಾಜ್ಞೆ ತಂದವು. 2024ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ರಾಜ್ಯದ ಪರ ತೀರ್ಪು ಕೊಟ್ಟಿತು. ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರಕರಣ ಎತ್ತಿಕೊಳ್ಳಲಿಲ್ಲ. ಕಾನೂನು ಜಾರಿಯಾದ ಬೆನ್ನಿಗೇ ಎಟಿ ಅಂಡ್ ಟಿ ತನ್ನ 5ಜಿ ಮನೆ ಇಂಟರ್ನೆಟ್ ಸೇವೆಯನ್ನು ಆ ರಾಜ್ಯದಿಂದ ವಾಪಸ್ ತೆಗೆದುಕೊಂಡಿತು. ಬೆಲೆ ಮಿತಿಯ ಸಮಸ್ಯೆ ಇದೇ. ಕಂಪನಿಗೆ ಹೊರಟುಹೋಗುವ ಆಯ್ಕೆ ಇರುತ್ತದೆ. ಕೇಬಲ್ ಸಾರ್ವಜನಿಕರದ್ದಾದರೆ ಅದು ಎಲ್ಲಿಗೂ ಹೋಗಲಾರದು.

ಪಕ್ಕದ ಕೇರಳ, ನಮ್ಮ ಪಂಚಾಯಿತಿ

ನಮಗೆ ಹತ್ತಿರದ ಉದಾಹರಣೆ ಕೇರಳ ಸರ್ಕಾರದ ಫೈಬರ್ ಇಂಟರ್ನೆಟ್ ಯೋಜನೆಯಾದ ಕೆ-ಫೋನ್. 2023ರ ಜೂನ್ 5ರಂದು ಉದ್ಘಾಟನೆಯಾಯಿತು. ಇಲ್ಲೂ ಕೇಬಲ್ ಹೊತ್ತದ್ದು ಕರೆಂಟ್ ಕಂಬ. ರಾಜ್ಯ ವಿದ್ಯುತ್ ಮಂಡಳಿ ಈ ಯೋಜನೆಯ ಪಾಲುದಾರ. 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ಕೊಡುವ ಗುರಿ ಇತ್ತು. ಮೊದಲ ಹಂತಕ್ಕೆ ಒಂದು ವಿಧಾನಸಭಾ ಕ್ಷೇತ್ರಕ್ಕೆ 100 ಮನೆಯಂತೆ 14,000 ಮನೆಗಳನ್ನು ತೆಗೆದುಕೊಂಡರು. 20 ಲಕ್ಷ ಇನ್ನೂ ದೂರವೇ ಇದೆ. ರಾಜ್ಯದುದ್ದಕ್ಕೂ ಮುಖ್ಯ ಕೇಬಲ್ ಎಳೆಯುವುದಕ್ಕೆ ಒಮ್ಮೆ ಬಂಡವಾಳ ಹಾಕಿದರೆ ಆಯಿತು. ಮನೆಮನೆಗೆ ತಂತಿ ಎಳೆಯುವ ಸ್ಥಳೀಯ ಕೇಬಲ್ ಆಪರೇಟರಿಗೆ ಮಾತ್ರ ಉಚಿತ ಮನೆಯ ಲೆಕ್ಕದಲ್ಲೂ ಯಾರಾದರೂ ದುಡ್ಡು ಕೊಡಬೇಕು, ಅದೂ ತಿಂಗಳು ತಿಂಗಳು.

ಕರ್ನಾಟಕದ ಹಳ್ಳಿಗಳಲ್ಲಿ ಸಾರ್ವಜನಿಕ ಫೈಬರ್ ಅಂದರೆ ಭಾರತ್‌ನೆಟ್. 2011ರಲ್ಲಿ ಬೇರೆ ಹೆಸರಿನಲ್ಲಿ ಒಪ್ಪಿಗೆ ಪಡೆದ ಈ ಯೋಜನೆಯ ಮೊದಲ ಗುರಿ ಗ್ರಾಮ ಪಂಚಾಯಿತಿ ಕಚೇರಿ. ಅಲ್ಲಿಂದ ಮನೆಗೆ ಹೋಗುವ ಕೊನೆಯ ತುಂಡನ್ನು ಮಾರುಕಟ್ಟೆ ಎಳೆಯುತ್ತದೆ ಎಂದು ನಂಬಿದ್ದರು. ಬಹಳ ಕಡೆ ಎಳೆಯಲಿಲ್ಲ. 2023ರ ಆಗಸ್ಟ್‌ನಲ್ಲಿ ಕೇಂದ್ರ 1,39,579 ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮನೆ ಸಂಪರ್ಕವೂ ಈಗ ಅದರ ಗುರಿ. ನಮ್ಮಲ್ಲಿ ಅಗ್ಗದ ಮೊಬೈಲ್ ಡೇಟಾ ಇದೆ, ಅಮೆರಿಕದಲ್ಲಿ ಆ ಬೆಲೆಗೆ ಇಲ್ಲ. ಇದು ದೊಡ್ಡ ವ್ಯತ್ಯಾಸ. ಆದರೆ ಮನೆಗೆ ಒಂದೇ ಫೋನ್ ಇದ್ದು, ಅದು ಅಪ್ಪನ ಜೊತೆ ಕೆಲಸಕ್ಕೆ ಹೋದರೆ, ಮಗುವಿನ ಓದಿಗೆ ಆ ಡೇಟಾ ಉಪಯೋಗಕ್ಕೆ ಬರುವುದಿಲ್ಲ.

ಮುಂದೆ ಏನಾಗಬಹುದು

ಅಮೆರಿಕದಲ್ಲಿ ಈಗ ದೊಡ್ಡ ದುಡ್ಡಿರುವುದು ಕೇಬಲ್ ಎಳೆಯುವ ಕಡೆ. 2021ರ ಮೂಲಸೌಕರ್ಯ ಕಾನೂನಿನಲ್ಲಿ ‘ಬೀಡ್’ ಯೋಜನೆಗೆ 4,245 ಕೋಟಿ ಡಾಲರ್ ಇಟ್ಟಿದ್ದಾರೆ. 2025ರ ಜೂನ್‌ನಲ್ಲಿ ಅದರ ನಿಯಮಗಳು ಬದಲಾದವು. ಈ ದುಡ್ಡು ಪಡೆಯುವ ಕಂಪನಿಗಳು ಕಡಿಮೆ ದರದ ಪ್ಲಾನ್ ಇಡಬೇಕು, ಆದರೆ ಆ ದರ ಎಷ್ಟು ಎಂದು ರಾಜ್ಯಗಳು ನಿಗದಿ ಮಾಡುವಂತಿಲ್ಲ. ಕೇಬಲ್ ಇಲ್ಲದ ಹಳ್ಳಿಗೆ ಇದರಿಂದ ಒಳ್ಳೆಯದಾಗಬಹುದು. ಕೇಬಲ್ ಇದ್ದೂ ಬಿಲ್ ಕಟ್ಟಲಾಗದ ನಗರದ ಬಡ ಮನೆಗೆ ಇದರಲ್ಲಿ ಹೆಚ್ಚೇನೂ ಇಲ್ಲ. ಅವರ ಬಿಲ್ಲಿನ ನೆರವು ನಿಂತಿದೆ, ಇಂಟರ್ನೆಟ್ ಬಳಸಲು ಕಲಿಸಿಕೊಡುವವರಿಗೆಂದು ಇದ್ದ 275 ಕೋಟಿ ಡಾಲರೂ ಹೋಗಿದೆ.

ಹಾಗಾಗಿ ಈ ಕೆಲಸ ಊರುಗಳ ತಲೆಯ ಮೇಲೆ ಬಂದು ಕೂರುತ್ತದೆ. ಸ್ವಂತ ಕರೆಂಟ್ ಸಂಸ್ಥೆ, ಸ್ವಂತ ಕಂಬ, ಅಡ್ಡ ಬರದ ರಾಜ್ಯ ಇರುವ ಊರಿಗೆ ಇದು ಸುಲಭ. ಇವು ಇಲ್ಲದ ಊರು ಹೊಸದಾಗಿ ಸಾಲ ಮಾಡಿ ಚಿಲ್ಲರೆ ಗಿರಾಕಿಗಳಿಗಾಗಿ ಪೈಪೋಟಿಗೆ ಇಳಿದರೆ ಪ್ರೋವೊದ ದಾರಿ ಹಿಡಿಯುವ ಅಪಾಯವಿದೆ. ಅಂಥ ಊರು ಸರ್ಕಾರಿ ವಸತಿ ಸಮುಚ್ಚಯಗಳಿಗೆ ಮಾತ್ರ ಕೇಬಲ್ ಎಳೆದು, ಯಾರ ಬಿಲ್ ಯಾರು ಕಟ್ಟುತ್ತಾರೆ ಎಂದು ಮೊದಲೇ ಬರೆದಿಟ್ಟುಕೊಂಡು ಶುರುಮಾಡುವುದು ಮೇಲು.

ಚಟ್ಟನೂಗದ ಹತ್ತು ವರ್ಷದ ಮಾತು 2030ಕ್ಕೆ ಮುಗಿಯುತ್ತದೆ. ಅದನ್ನು ಮುಂದುವರಿಸಲು ಮತ್ತೆ ಕೌಂಟಿ, ನಗರ, ಶಾಲಾ ಇಲಾಖೆ ಒಪ್ಪಬೇಕು, ಬಜೆಟ್‌ನಲ್ಲಿ ಜಾಗ ಕೊಡಬೇಕು. ವಾಷಿಂಗ್ಟನ್‌ನಲ್ಲಿ 2 ಕೋಟಿ 30 ಲಕ್ಷ ಮನೆಗಳ ಭವಿಷ್ಯ ಒಂದೇ ಅನುದಾನಕ್ಕೆ ಜೋತುಬಿದ್ದಿತ್ತು. ಚಟ್ಟನೂಗದಲ್ಲಿ ಬಿಲ್ ಕಟ್ಟುವವರನ್ನು ಪೋಷಕರು ಊರಿನ ಕೌನ್ಸಿಲ್ ಸಭೆಗೇ ಹೋಗಿ ಕೇಳಬಹುದು, ಮುಂದಿನ ಚುನಾವಣೆಯಲ್ಲಿ ಅದೇ ವಿಷಯಕ್ಕೆ ಮತ ಹಾಕಬಹುದು.